ನಾಯಿ, ಇಲಿ, ಚಿಗಟ: ಮುಂಬಯಿಯ ಆರೋಗ್ಯೇತಿಹಾಸದ ಒಂದು ಅಧ್ಯಾಯ

ಮುಂಬಯಿ ನಗರದ ಇತಿಹಾಸವನ್ನು ಬರೆದವರು ಅದರ ಬಂದರು, ಗಿರಣಿ, ರೈಲುಮಾರ್ಗಗಳನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ಮನುಷ್ಯನೊಡನೆ ಅದೇ ಬೀದಿಯಲ್ಲಿ, ಅದೇ ಚಾಳಿನಲ್ಲಿ ಬಾಳಿದ ನಾಯಿ, ಇಲಿ, ಚಿಗಟಗಳಿಗೆ ಆ ಇತಿಹಾಸದಲ್ಲಿ ದೊರೆತಿರುವ ಸ್ಥಾನ ಅತ್ಯಲ್ಪ. ಆದರೂ ಸರಕಾರವು ಪ್ರಜೆಗಳ ಮನೆಬಾಗಿಲಿಗೆ ಬಂದು, ಕಡೆಗೆ ಅಡಿಗೆಮನೆಯೊಳಗೂ ಕಾಲಿಟ್ಟದ್ದು ಇವುಗಳ ನಿಮಿತ್ತದಿಂದಲೇ. ಪ್ರಾಣಿಯಿಂದ ಮನುಷ್ಯನಿಗೆ ತಗಲುವ ರೋಗವನ್ನು ತಡೆಯಹೊರಟವರು ಬಹುಕಾಲ ಪ್ರಾಣಿಯನ್ನೋ ರೋಗಿಯನ್ನೋ ಹಿಡಿದರಲ್ಲದೆ ರೋಗವು ನಡೆದುಬರುವ ದಾರಿಯನ್ನು ಹಿಡಿಯಲಿಲ್ಲ. ಈ ಮಾತಿಗೆ ಆಧಾರವಾಗಬಲ್ಲ ಕೆಲವು ಘಟನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೀದಿನಾಯಿಗಳನ್ನು ವರ್ಷದ ಕೆಲವು ತಿಂಗಳಲ್ಲಿ ಕೊಲ್ಲಬಹುದೆಂದು ಈಸ್ಟ್ ಇಂಡಿಯಾ ಕಂಪನಿಯ ಸರಕಾರವು 1813ರಲ್ಲಿಯೇ ನಿಯಮ ಮಾಡಿತ್ತು. ಬಿಸಿಲಿನ ತಾಪದಿಂದ ನಾಯಿಗೆ ಹುಚ್ಚು ಹಿಡಿಯುವುದೆಂಬುದು ಯುರೋಪಿನಲ್ಲಿ ಬಹುಕಾಲದಿಂದ ಬಂದ ನಂಬಿಕೆ. 1832ರಲ್ಲಿ ಈ ಅವಧಿಯನ್ನು ಜೂನ್ 15ರವರೆಗೆ ಮುಂದುವರಿಸಲಾಯಿತು. ಕೊಂದ ನಾಯಿಯೊಂದಕ್ಕೆ ಎಂಟಾಣೆ ಇನಾಮು. ಇನಾಮಿನ ಆಸೆಗೆ ಬಿದ್ದವನಿಗೆ ಹುಚ್ಚುನಾಯಿ ಯಾವುದು, ಸಾಧುನಾಯಿ ಯಾವುದು ಎಂಬ ವಿವೇಚನೆ ಎಷ್ಟರಮಟ್ಟಿಗೆ ಉಳಿದೀತೆಂಬುದನ್ನು ವಾಚಕರೇ ಊಹಿಸಬಹುದು. ಜೂನ್ 6 ಪಾರಸಿಗಳಿಗೆ ಪವಿತ್ರವಾದ ದಿನ. ಶವಸಂಸ್ಕಾರದಲ್ಲಿ ಮೃತನ ಮುಖವನ್ನು ನಾಯಿಗೆ ತೋರಿಸುವ 'ಸಗ್‌ದೀದ್' ವಿಧಿಯುಳ್ಳ ಆ ಸಮಾಜಕ್ಕೆ ನಾಯಿ ಬರಿಯ ಬೀದಿಯ ಪ್ರಾಣಿಯಲ್ಲ. ಅಂದು ನಾಯಿ ಹೊಡೆಯಲು ಬಂದ ಪೋಲೀಸರ ಮೇಲೆ ಜನ ಏರಿಬಿದ್ದರು. ಮರುದಿನ ಅಂಗಡಿಗಳು ಮುಚ್ಚಿದವು. ಕೋಟೆಯ ಆಂಗ್ಲರಿಗೂ ಸೈನ್ಯಕ್ಕೂ ಆಹಾರಪದಾರ್ಥಗಳು ದೊರೆಯದಂತಾದವು. ಪಾರಸಿಗಳೊಡನೆ ಜೈನರೂ ಹಿಂದೂಗಳೂ ಮುಸಲ್ಮಾನರೂ ಸೇರಿದ್ದರೆಂಬುದು ಗಮನಾರ್ಹ. ಸೈನ್ಯವನ್ನು ಕರೆಸಿ ಗಲಭೆಯನ್ನು ಅಡಗಿಸಲಾಯಿತು. ಎರಡು ವರ್ಷಗಳ ತರುವಾಯ, 1834ರಲ್ಲಿ, ಜಮಶೇಟಜಿ ಜೀಜೀಭಾಯಿ ಮೊದಲಾದ ಶ್ರೀಮಂತರ ದಾನದಿಂದ ಮುಂಬಯಿಯ ಪಾಂಜರಪೋಳ ಸ್ಥಾಪಿತವಾಯಿತು.

ಇಲ್ಲಿ ಒಂದು ಪಕ್ಷದಲ್ಲಿ ಭಯವಿದೆ, ಇನ್ನೊಂದು ಪಕ್ಷದಲ್ಲಿ ದಯೆಯಿದೆ. ರೋಗದ ತಡೆ ಮಾತ್ರ ಎರಡರಲ್ಲಿಯೂ ಇಲ್ಲ. ಕೆಲವು ನಾಯಿಗಳನ್ನು ಕೊಂದ ಬೀದಿಗೆ ಹಸಿದ ಬೇರೆ ನಾಯಿಗಳು ಬರುತ್ತವೆ. ಕೆಲವನ್ನು ಕೂಡಿಹಾಕಿ ಸಾಕಿದರೂ ಹೊರಗೆ ಉಳಿದವುಗಳಲ್ಲಿ ರೋಗ ಉಳಿದೇ ಇರುತ್ತದೆ. ಆದರೂ ನಾಯಿಗಳನ್ನು ಕೊಲ್ಲುವ ಪದ್ಧತಿ ಮುಂಬಯಿಯಲ್ಲಿ 20ನೆಯ ಶತಮಾನದ ಕೊನೆಯ ದಶಕದವರೆಗೂ ನಡೆದುಬಂದಿತು.

ಇಲಿಯ ಕಥೆ ಇದಕ್ಕಿಂತ ಭೀಕರವಾದುದು. 1896ರ ಸಪ್ಟೆಂಬರದಲ್ಲಿ ಮಾಂಡವಿ ಪೇಟೆಯ ರೋಗಿಗಳನ್ನು ನೋಡಿದ ಡಾ. ಅಕಾಸಿಯೊ ವಿಯೇಗಸರು ಇದು ಗ್ರಂಥಿಜ್ವರದ ಪ್ಲೇಗೆಂದು ಸಾರಿದರು. ರೋಗಾಣುವನ್ನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಲಾಗಿತ್ತು. ಅದು ಮನುಷ್ಯನನ್ನು ಹೇಗೆ ತಲಪುವುದೆಂಬುದು ಮಾತ್ರ ತಿಳಿದಿರಲಿಲ್ಲ. ಕೊಳೆಯಲ್ಲಿ, ಕತ್ತಲೆಯಲ್ಲಿ, ಬಡವನ ಮೈಬಟ್ಟೆಯಲ್ಲಿ ಅದು ಇದೆಯೆಂಬ ಊಹೆಯ ಮೇಲೆ ಮುನಿಸಿಪಾಲಿಟಿಯು ಗಟಾರಗಳಿಗೆ ಕಾರ್ಬಾಲಿಕ್ ದ್ರಾವಣವನ್ನೂ ಸಮುದ್ರದ ನೀರನ್ನೂ ಹರಿಸಿತು. ಹಂಚು ತೆಗೆಸಿ ಮನೆಯೊಳಗೆ ಬಿಸಿಲು ಬಿಡಿಸಿತು. ವಾಸಕ್ಕೆ ಅಯೋಗ್ಯವಾದ ಮನೆಗಳ ಗೋಡೆಯ ಮೇಲೆ 'ಯು. ಎಚ್. ಎಚ್.' ಎಂದು ಬರೆಯಿಸಿತು. ರೋಗಿಯನ್ನು ಬಲಾತ್ಕಾರದಿಂದ ಆಸ್ಪತ್ರೆಗೆ ಒಯ್ಯುವ ಅಧಿಕಾರವನ್ನೂ ವಹಿಸಿಕೊಂಡಿತು. ಅಕ್ಟೋಬರ 29ರಂದು ಗಿರಣಿಯ ಕೂಲಿಕಾರರು ಗುಂಪುಗೂಡಿ ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದರು. 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯದೆ ಬಂದಿತು. 2020ರ ಕೋವಿಡ್ ಕಾಲದಲ್ಲಿಯೂ ಸರಕಾರಗಳು ಕೈಗೆತ್ತಿಕೊಂಡದ್ದು ಇದೇ ಕಾಯದೆಯನ್ನು. ಅದೇ ಜೂನ್ 22ರ ರಾತ್ರಿ ಪುಣೆಯಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡನ ಮೇಲೆ ಗುಂಡು ಹಾರಿತು.

ಇಷ್ಟೆಲ್ಲ ಆದರೂ ರೋಗ ನಿಲ್ಲಲಿಲ್ಲ. ಗಟಾರಕ್ಕೆ ನೀರು ನುಗ್ಗಿದಾಗ ಇಲಿಗಳು ಪಕ್ಕದ ಮನೆಗಳಿಗೆ ಓಡಿದವು. ಲಕ್ಷಗಟ್ಟಲೆ ಜನ ರೈಲು ಹತ್ತಿ ಊರಿಗೆ ಮರಳಿದರು. ಗಾಡಿಯಲ್ಲಿ ಧಾನ್ಯದ ಚೀಲಗಳಿದ್ದವು, ಚೀಲಗಳಲ್ಲಿ ಇಲಿಯೂ ಚಿಗಟವೂ ಇದ್ದವು.

ಈ ದಾರಿಯನ್ನು ಮೊದಲು ಸ್ಪಷ್ಟವಾಗಿ ತೋರಿಸಿದವನು ಫ್ರೆಂಚ್ ವೈದ್ಯ ಪೌಲ್-ಲೂಯಿ ಸಿಮೊಂದ್. ಮುಂಬಯಿಯಲ್ಲಿ ಕೆಲಸಮಾಡಿ, 1898ರ ಜೂನ್‌ನಲ್ಲಿ ಕರಾಚಿಯಲ್ಲಿ ಪ್ರಯೋಗ ನಡೆಸಿ, ರೋಗದ ಇಲಿಯಿಂದ ಆರೋಗ್ಯವಂತ ಇಲಿಗೆ ಪ್ಲೇಗನ್ನು ಒಯ್ಯುವುದು ಚಿಗಟವೆಂದು ಆತ ತಿಳಿಸಿದನು. ಆತನ ಮಾತನ್ನು ಹಲವರು ನಂಬಲಿಲ್ಲ. 1905ರ ತರುವಾಯ ಪರೇಲಿನ ಪ್ರಯೋಗಶಾಲೆಯಲ್ಲಿ ಪ್ಲೇಗು ಸಂಶೋಧನ ಸಮಿತಿಯವರು ರೋಗ ಬಿದ್ದ ಮನೆಗಳಲ್ಲಿ ಗಿನಿಯಿಲಿಗಳನ್ನಿರಿಸಿ ನೋಡಿದರು. ನೆಲದ ಮೇಲಿದ್ದವು ಸತ್ತವು. ಚಿಗಟ ಹಾರಲಾರದಷ್ಟು ಎತ್ತರದಲ್ಲಿ ತೂಗುಹಾಕಿದ ಪಂಜರಗಳಲ್ಲಿದ್ದವು ಬದುಕಿದವು. ಗಾಳಿಯೂ ನೆಲವೂ ಅವೇ; ವ್ಯತ್ಯಾಸವಿದ್ದುದು ಚಿಗಟದ ನೆಗೆತದ ಅಳತೆಯಲ್ಲಿ.

'ಇಲಿ ಬಿತ್ತು' ಎಂಬ ಮಾತು ನಮ್ಮ ಅಜ್ಜಂದಿರ ಬಾಯಲ್ಲಿ ಏಕೆ ಅಷ್ಟು ಭಯವನ್ನು ಹೊತ್ತಿತ್ತೆಂಬುದು ಈ ಶೋಧದಿಂದ ವಿಶದವಾಗುತ್ತದೆ. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬೇರೆ ಬಿಸಿರಕ್ತವನ್ನು ಹುಡುಕುತ್ತವೆ. ಇಲಿ ಬಿದ್ದ ಮನೆಯನ್ನು ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದ ನಮ್ಮ ಹಳ್ಳಿಗರು ಕಾರಣವನ್ನರಿಯದೆಯೇ ಸರಿಯಾದ ಕ್ರಮವನ್ನು ಕೈಕೊಂಡಿದ್ದರು. ಹಂಚು ತೆಗೆಸಿದ ಅಧಿಕಾರಿಗಿಂತ ಅವರೇ ರೋಗದ ದಾರಿಗೆ ಸಮೀಪವಿದ್ದರೆಂದು ನನ್ನ ಅಭಿಪ್ರಾಯ.

ಧಾರವಾಡ ಜಿಲ್ಲೆ ಅಂದು ಮುಂಬಯಿ ಇಲಾಖೆಗೆ ಸೇರಿದ್ದಿತು. ಆದುದರಿಂದ ಮುಂಬಯಿಯ ರೋಗವೂ ಮುಂಬಯಿಯ ಕಾನೂನೂ ಅಲ್ಲಿಗೆ ಒಂದೇ ರೈಲುಮಾರ್ಗದಿಂದ ಬಂದವು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ವಿಪರೀತವಾಯಿತು. ಅದೇ ಆಗಸ್ಟಿನಲ್ಲಿ ಹುಬ್ಬಳ್ಳಿಯಿಂದ ಬಂದ ರೈಲ್ವೆ ನೌಕರನೊಬ್ಬನೊಡನೆ ಅದು ಬೆಂಗಳೂರನ್ನು ಹೊಕ್ಕಿತು. ಅಲ್ಲಿ ಪ್ಲೇಗಮ್ಮನಿಗೆ ಗುಡಿಗಳೂ ಎದ್ದವು. ಆದರೆ ಹುಬ್ಬಳ್ಳಿಯ ಹೆಸರು ವೈದ್ಯಚರಿತ್ರೆಯಲ್ಲಿ ಉಳಿದಿರುವುದು ಬೇರೊಂದು ಕಾರಣಕ್ಕಾಗಿ. ಹಾಫ್‌ಕಿನ್ನನು ಮುಂಬಯಿಯಲ್ಲಿ ಸಿದ್ಧಪಡಿಸಿ 1897ರ ಜನವರಿ 10ರಂದು ತನ್ನ ಮೈಗೇ ಚುಚ್ಚಿಸಿಕೊಂಡ ಲಸಿಕೆಯನ್ನು ಅಲ್ಲಿ ಹತ್ತಾರು ಸಾವಿರ ಜನ ಹಾಕಿಸಿಕೊಂಡರು. ಸೂಜಿಗೆ ಜನ ಹೆದರಲಿಲ್ಲವೆಂದಲ್ಲ. ಹೆಂಗಸರನ್ನು ಹೊರಗೆಳೆದು ಪರೀಕ್ಷಿಸುವ, ಮನೆಯನ್ನು ಕೆಡಹುವ ಉಪಾಯಕ್ಕಿಂತ ತೋಳಿಗೊಂದು ಚುಚ್ಚು ಸಹ್ಯವೆನಿಸಿತು. ಆ ಲಸಿಕೆ ಪೂರ್ಣ ರಕ್ಷಣೆ ಕೊಡುತ್ತಿರಲಿಲ್ಲ, ಜ್ವರವನ್ನಂತೂ ತರುತ್ತಿತ್ತು; ಆದರೂ ಸಾವನ್ನು ಬಹುಮಟ್ಟಿಗೆ ತಗ್ಗಿಸಿತು.

ಇನ್ನು ಮರಳಿ ನಾಯಿಯ ವಿಷಯ. ಹುಚ್ಚುನಾಯಿಯ ಜೊಲ್ಲಿನಲ್ಲಿರುವ ವಿಷಾಣು ಗಾಯದಿಂದ ನರಗಳ ಮೂಲಕ ಮೆಲ್ಲಮೆಲ್ಲನೆ ಮೆದುಳಿನ ಕಡೆಗೆ ಸಾಗುತ್ತದೆ. ಜಲಭಯ ಮೊದಲಾದ ಲಕ್ಷಣಗಳು ಕಾಣಿಸಿದ ಮೇಲೆ ರೋಗಿ ಬದುಕುವುದು ಇಲ್ಲವೆನ್ನುವಷ್ಟು ಅಪೂರ್ವ. ಪಾಶ್ಚರನು 1885ರಲ್ಲಿ ಗೆದ್ದುದು ಈ ಪಯಣದ ಅವಧಿಯನ್ನು: ವಿಷಾಣು ಮೆದುಳನ್ನು ಮುಟ್ಟುವುದರೊಳಗೆ ದೇಹಕ್ಕೆ ಎದುರಿಸುವ ಶಕ್ತಿಯನ್ನು ಕೊಡುವುದು. ಕಚ್ಚಿದೊಡನೆ ಗಾಯವನ್ನು ಸಾಬೂನು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕೆಂದು ವೈದ್ಯರು ಇಂದು ಹೇಳುವುದರ ಹಿಂದಿರುವ ಲೆಕ್ಕವೂ ಇದೇ. ತೊಳೆದ ಮೇಲೂ ಚುಚ್ಚುಮದ್ದು ಅವಶ್ಯ. ಭಾರತದ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಆರಂಭವಾದದ್ದು ಕಸೌಲಿಯಲ್ಲಿ. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ನಾಯಿ ಕಚ್ಚಿದವನು ಹಿಮಾಲಯದ ತಪ್ಪಲಿಗೆ ಹೋಗಬೇಕಾಗಿದ್ದಿತು. 1907ರಲ್ಲಿ ಕೂನೂರಿನ ಸಂಸ್ಥೆ ತೆರೆದ ಮೇಲೆ ದಕ್ಷಿಣದವರಿಗೆ ದಾರಿ ಹತ್ತಿರವಾಯಿತು. 1911ರಲ್ಲಿ ಸೆಂಪಲ್ ಕಸೌಲಿಯಲ್ಲಿ ರೂಪಿಸಿದ ಲಸಿಕೆಯೇ 'ಹೊಟ್ಟೆಗೆ ಹದಿನಾಲ್ಕು ಇಂಜಕ್ಷನ್' ಎಂದು ಮನೆಮಾತಾದುದು. ಕುರಿಯ ಮೆದುಳಿನಿಂದ ತಯಾರಾದ ಅದು ಕೆಲವರಲ್ಲಿ ಪಾರ್ಶ್ವವಾಯುವಿನಂತಹ ಉಪದ್ರವವನ್ನೂ ಉಂಟುಮಾಡುತ್ತಿತ್ತು. ಆದಾಗ್ಯೂ ಭಾರತದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ; ಬಡವನಿಗೆ ಹಳೆಯ ಔಷಧವೇ ಸಾಕೆಂಬ ಭಾವನೆ ಎಷ್ಟು ದೀರ್ಘಾಯುವೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ಮನುಷ್ಯನಿಗೆ ಚುಚ್ಚುವುದರಿಂದ ಒಬ್ಬನ ಪ್ರಾಣ ಉಳಿಯಬಹುದಲ್ಲದೆ ಬೀದಿಯ ರೋಗ ಹೋಗದು. ರೇಬೀಸ್ ಪೀಡಿತರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನರಿಗೆ ಅದು ನಾಯಿಯಿಂದಲೇ ಬರುತ್ತದೆ. ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿದುಹೋಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2001ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗೆ ಶಸ್ತ್ರಕ್ರಿಯೆಯನ್ನೂ ಲಸಿಕೆಯನ್ನೂ ಮಾಡಿ ಹಿಡಿದಲ್ಲಿಯೇ ಬಿಡಬೇಕೆಂದು ವಿಧಿಸಿದವು. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ದಿಲ್ಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯಗೃಹಗಳಿಗೆ ಸಾಗಿಸಬೇಕೆಂದು ಆಜ್ಞಾಪಿಸಿದಾಗ ಎದ್ದ ಕೋಲಾಹಲವನ್ನು ಓದಿದವರಿಗೆ 1832ರ ಎರಡು ಪಕ್ಷಗಳೂ ನೆನಪಾಗಿರಬೇಕು. ಆಗಸ್ಟ್ 22ರಂದು ನ್ಯಾಯಾಲಯವೇ ಆಜ್ಞೆಯನ್ನು ಮಾರ್ಪಡಿಸಿ, ರೇಬೀಸ್ ತಗಲಿದ ಹಾಗೂ ಕ್ರೂರಸ್ವಭಾವದ ನಾಯಿಗಳ ಹೊರತು ಉಳಿದವನ್ನು ಲಸಿಕೆಯ ತರುವಾಯ ಮೊದಲಿನ ಸ್ಥಳಕ್ಕೇ ಬಿಡಬಹುದೆಂದಿತು.

ಈ ನಡುವೆ ಹೆಚ್ಚು ಸದ್ದಿಲ್ಲದೆ ಕೆಲಸ ನಡೆದದ್ದು ಗೋವೆಯಲ್ಲಿ. 2014ರಿಂದ ಅಲ್ಲಿಯ ಸರಕಾರವೂ 'ಮಿಷನ್ ರೇಬೀಸ್' ಸಂಸ್ಥೆಯೂ ಕೂಡಿ ಊರೂರಿಗೆ ಬಲೆ ಹಿಡಿದ ತಂಡಗಳನ್ನು ಕಳಿಸಿ ಬೀದಿನಾಯಿಗಳಿಗೆ ವರ್ಷವರ್ಷವೂ ಲಸಿಕೆ ಹಾಕಿಸಿದವು, ಶಾಲೆಯ ಮಕ್ಕಳಿಗೆ ತಿಳಿವಳಿಕೆ ಕೊಟ್ಟವು. 2021ರಲ್ಲಿ ಗೋವೆಯನ್ನು ರೇಬೀಸ್-ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಆ ಪ್ರದೇಶಕ್ಕೆ ಹೊಂದಿಕೊಂಡೇ ಖಾನಾಪುರ, ಜೋಯಿಡಾ, ಕಾರವಾರ ತಾಲೂಕುಗಳಿವೆ. ನಾಯಿಗಳ ಹೋಗುಬರುವಿಕೆಗೆ ನಡುವೆ ಯಾವ ನಾಕೆಯೂ ಇಲ್ಲ.