ರೋಮಿನ ಅನ್ನವೂ ಕಡಲ್ಗಳ್ಳರೂ

ರೋಮನರ ರಾಜಮಾರ್ಗಗಳ ಪ್ರಶಂಸೆಯನ್ನು ನಾವೆಲ್ಲರೂ ಶಾಲೆಯಲ್ಲಿಯೇ ಓದಿರುವೆವು. ಆದರೆ ಆ ಮಹಾನಗರಿಯ ಹೊಟ್ಟೆ ತುಂಬುತ್ತಿದ್ದುದು ಕಡಲಿನಿಂದ. ಗೋಧಿಯನ್ನು ಎತ್ತಿನ ಗಾಡಿಯಲ್ಲಿ ದೂರ ಸಾಗಿಸಹೊರಟರೆ ಬಾಡಿಗೆಯೇ ಅದರ ಬೆಲೆಯನ್ನು ನುಂಗಿಬಿಡುತ್ತಿತ್ತು. ಆದುದರಿಂದ ಸಿಸಿಲಿ, ಸಾರ್ಡೀನಿಯ, ಉತ್ತರ ಆಫ್ರಿಕಗಳ ಧಾನ್ಯವು ಹಡಗೇರಿ ಬರಬೇಕು. ಬಾರದಿದ್ದರೆ ಬೀದಿಯಲ್ಲಿ ದೊಂಬಿ.

ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಈ ಕಡಲದಾರಿಯು ಸಿಲೀಷಿಯದ ಕಳ್ಳರ ಕೈಸೇರಿತು. ಸಿಲೀಷಿಯವೆಂದರೆ ಇಂದಿನ ತುರ್ಕಿಯ ದಕ್ಷಿಣ ಕರಾವಳಿ. ಬೆಟ್ಟಗಳು ನೀರಿನವರೆಗೂ ಇಳಿದಿರುವ, ಹಡಗಿನ ಮರಕ್ಕೆ ಕೊರತೆಯಿಲ್ಲದ ನಾಡು. ಇವರ ಹಡಗುಗಳು ೧,೦೦೦ಕ್ಕೂ ಮಿಗಿಲಾಗಿದ್ದುವೆಂದೂ, ೪೦೦ ಪಟ್ಟಣಗಳು ಇವರ ವಶವಾಗಿದ್ದುವೆಂದೂ ಪ್ಲೂಟಾರ್ಕನು ಬರೆದಿದ್ದಾನೆ. ಲೆಕ್ಕದಲ್ಲಿ ಕೊಂಚ ಉತ್ಪ್ರೇಕ್ಷೆಯಿದ್ದರೂ ಇರಲಿ. ಅವನು ಹೇಳುವ ಒಂದು ಕಥೆಯಂತೂ ಮರೆಯುವಂತಹುದಲ್ಲ. ಸೆರೆ ಸಿಕ್ಕವನು "ನಾನು ರೋಮನನು" ಎಂದು ಗರ್ಜಿಸಿದರೆ ಕಳ್ಳರು ನಡುಗಿದವರಂತೆ ನಟಿಸಿ ಕಾಲಿಗೆ ಬೀಳುವರು. ಇನ್ನೊಮ್ಮೆ ಗುರುತು ತಪ್ಪದಿರಲೆಂದು ಅವನಿಗೆ ರೋಮನರ ಉಡುಪನ್ನು ತೊಡಿಸುವರು. ಅನಂತರ ನಡುಗಡಲಿನಲ್ಲಿ ಏಣಿಯನ್ನಿಳಿಸಿ, "ಸುಖವಾಗಿ ದಯಮಾಡಿಸಿ" ಎಂದು ಬೀಳ್ಕೊಡುವರು. ಇಳಿಯಲೊಲ್ಲದವನನ್ನು ನೂಕುವರು.

ಇಂತಹ ಪ್ರಬಲ ರಾಜ್ಯವು ಇದನ್ನು ಅಷ್ಟುಕಾಲ ಸಹಿಸಿದುದೇಕೆ? ನಮ್ಮ ವಿಚಾರದ ತಿರುಳು ಇಲ್ಲಿದೆ. ಹಿಂದೆ ಆ ಸಮುದ್ರವನ್ನು ಕಾಯುತ್ತಿದ್ದುದು ರೋಡ್ಸ್ ದ್ವೀಪದ ನೌಕಾಪಡೆ. ಅದನ್ನು ಸಾಕುತ್ತಿದ್ದುದು ಅಲ್ಲಿನ ರೇವಿನ ಸುಂಕ. ರೋಡ್ಸಿನ ಮೇಲೆ ಮುನಿದ ರೋಮನರು ಕ್ರಿ.ಪೂ. ೧೬೬ರಲ್ಲಿ ಡೀಲಾಸ್ ದ್ವೀಪವನ್ನು ಸುಂಕವಿಲ್ಲದ ರೇವನ್ನಾಗಿ ಮಾಡಿದರು. ವರ್ತಕರು ಅತ್ತ ಹರಿದರು. ೧೦ ಲಕ್ಷ ದ್ರಾಕ್ಮಗಳಿದ್ದ ತಮ್ಮ ಸುಂಕವು ೧,೫೦,೦೦೦ಕ್ಕೆ ಇಳಿಯಿತೆಂದು ರೋಡ್ಸಿನ ದೂತರು ಸೆನೆಟ್ಟಿನ ಮುಂದೆ ಮೊರೆಯಿಟ್ಟರು. ಕಾವಲುಗಾರನ ಕೂಳನ್ನು ಕಿತ್ತುಕೊಂಡಮೇಲೆ ಕಾವಲೆಲ್ಲಿಯದು?

ಅಷ್ಟೇ ಅಲ್ಲ. ಡೀಲಾಸಿನಲ್ಲಿ ಬೆಳೆದುದು ಗುಲಾಮರ ಸಂತೆ. ಒಂದೇ ದಿನದಲ್ಲಿ ೧೦,೦೦೦ ಜನರನ್ನು ಇಳಿಸಿಕೊಂಡು ಮಾರಿ ಕಳುಹಿಸಬಲ್ಲ ಪೇಟೆ ಅದು ಎಂದು ಸ್ಟ್ರಾಬೋ ಹೇಳುತ್ತಾನೆ. ಇಟಲಿಯ ಶ್ರೀಮಂತರ ವಿಶಾಲವಾದ ಹೊಲಗಳಿಗೆ ಆಳುಗಳು ಬೇಕಾಗಿದ್ದರು. ಆ ಆಳುಗಳನ್ನು ಕರಾವಳಿಗಳಿಂದ ಹೊತ್ತು ತರುತ್ತಿದ್ದವರಲ್ಲಿ ಈ ಕಳ್ಳರೇ ಮುಖ್ಯರು. ಕಳ್ಳನು ಅಂಗಡಿಗೆ ಸರಕು ತರುವವನಾದರೆ ಅವನನ್ನು ಹಿಡಿಯಲು ಯಾರಿಗೆ ಅವಸರ? ಕ್ರಿ.ಪೂ. ೬೯ರಲ್ಲಿ ಕಡಲ್ಗಳ್ಳರು ಆ ಡೀಲಾಸನ್ನೇ ಸೂರೆಮಾಡಿದರು.

ಕೊನೆಗೆ ರೋಮಿನ ಬಾಗಿಲಾದ ಆಸ್ಟಿಯಾ ರೇವಿನಲ್ಲಿಯೇ ಹಡಗುಗಳು ಉರಿದುವು, ರೊಟ್ಟಿಯ ಬೆಲೆ ಏರಿತು. ಕ್ರಿ.ಪೂ. ೬೭ರಲ್ಲಿ ಗಬೀನಿಯಸನ ಶಾಸನದ ಮೂಲಕ ಪಾಂಪೆಯೆಂಬ ಸೇನಾಪತಿಗೆ ಸಮಸ್ತ ಮಧ್ಯಧರಣಿ ಸಮುದ್ರದ ಮೇಲೆ ಮೂರು ವರ್ಷಗಳ ಅಧಿಕಾರ ದೊರೆಯಿತು. ಅವನ ನೇಮಕದ ದಿನವೇ, ಒಂದು ಹಡಗೂ ಹೊರಡುವ ಮೊದಲೇ, ಧಾನ್ಯದ ಬೆಲೆ ಬಿದ್ದುಹೋಯಿತಂತೆ! ವರ್ತಕರ ಉಗ್ರಾಣಗಳಲ್ಲಿ ಏನಿದ್ದಿತೆಂಬುದನ್ನು ಇದರಿಂದ ಊಹಿಸಬಹುದು. ಅವನು ಸಮುದ್ರವನ್ನು ೧೩ ಭಾಗಮಾಡಿ, ಭಾಗಕ್ಕೊಬ್ಬ ನಾಯಕನನ್ನಿಟ್ಟು, ಪಶ್ಚಿಮದ ನೀರನ್ನು ೪೦ ದಿನಗಳಲ್ಲಿ ತೆರವುಮಾಡಿದನು. ಮೂರು ತಿಂಗಳಲ್ಲಿ ಕಾರ್ಯವೆಲ್ಲ ಮುಗಿಯಿತು. ಶರಣಾದವರನ್ನು ಕೊಲ್ಲಿಸಲಿಲ್ಲ. ಪಾಳುಬಿದ್ದಿದ್ದ ಸೋಲಿ ಮೊದಲಾದ ಊರುಗಳಲ್ಲಿ ನೆಲೆಗೊಳಿಸಿ ಉಳಲು ಭೂಮಿ ಕೊಟ್ಟನು.

ಡೀಲಾಸ್ ಮತ್ತೆ ಚೇತರಿಸಿಕೊಳ್ಳಲಿಲ್ಲ. ಇಟಲಿಯ ಹೊಲಗಳಿಗೆ ಗುಲಾಮರು ಬರುವುದು ಮಾತ್ರ ನಿಲ್ಲಲಿಲ್ಲ, ಕ್ರಿ.ಪೂ. ೫೮ರಿಂದ ಸೀಸರನು ಗಾಲ್ ದೇಶದಲ್ಲಿ ನಡೆಸಿದ ಯುದ್ಧಗಳು ಅವರನ್ನು ಒದಗಿಸಿದುವು.