ತಲಬು ಬಂದರೆ ಬಾಗಿಲು ತೆರೆಯಲೇಬೇಕೆಂದಿಲ್ಲ

ಧಾರವಾಡದಿಂದ ಬೆಳಗಾವಿ ಹಾದಿ ಹಿಡಿದರೆ ಹೆದ್ದಾರಿಯ ಮಗ್ಗುಲಿಗೆ ಸಿಗುವ ಬೇಲೂರು ಹೊಯ್ಸಳರದಲ್ಲ. ಇಲ್ಲಿ ಶಿಲಾಬಾಲಿಕೆಯರಿಲ್ಲ. ಕೈಗಾರಿಕಾ ಪ್ರದೇಶದ ಶೆಡ್ಡುಗಳಿವೆ, ಟಾಟಾ ಬಸ್ಸು ಕಟ್ಟುವ ಕಾರ್ಖಾನೆಯಿದೆ, ಶಿಫ್ಟು ಬಿಡುವ ಹೊತ್ತಿಗೆ ಚಹಾದಂಗಡಿ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಅಂಥದೊಂದು ಗದ್ದಲದಲ್ಲಿ ಯುನಿಫಾರ್ಮಿನ ಹುಡುಗನೊಬ್ಬ ಮೊಬೈಲಿನಿಂದ ಕಣ್ಣೆತ್ತದೆ ಹೇಳಿದ: "ಗಿರ್ಮಿಟ್ಟಿಂದು ಭಾಳ ಕ್ರೇವಿಂಗ್ ಆಗಾಕತ್ತೈತಲೇ." ಪಕ್ಕದಲ್ಲಿ ಬಸಿಗೆ ಸುರುವಿಕೊಂಡು ಚಹಾ ಆರಿಸುತ್ತಿದ್ದ ಹಿರಿಯರೊಬ್ಬರು ತಡೆಯಲಾರದೆ ಬಾಯಿ ಹಾಕಿದರು: "ಅದಕ್ಕ ಹಸಿವಿ ಅಂತಾರೋ ತಮ್ಮಾ. ತಲಬು ಅಂದ್ರ ಬ್ಯಾರೆ."

"ನೀವು ಕುಡಿಯೂದು ಬಿಟ್ಟು ಭಾಳ ದಿನ ಆತಲ್ರಿ ಕಾಕಾ, ಇನ್ನೂ ಬರ್ತೈತೇನ್ರಿ?"

"ಬರ್ತೈತಿ. ಬಂದು ನಿಂತು ಹೋಗ್ತೈತಿ."

ವ್ಯಸನದ ಬಗ್ಗೆ ಇಷ್ಟು ಚೊಕ್ಕ ಮಾತನ್ನು ನಾನು ಯಾವ ಭಾಷಣದಲ್ಲೂ ಕೇಳಿಲ್ಲ. ಆ ಚೊಕ್ಕತನದ ಅರ್ಧ ಪಾಲು ಹಿರಿಯರದು, ಇನ್ನರ್ಧ ತಲಬು ಎಂಬ ಪದದ್ದೇ ಎಂಬುದು ನನ್ನ ವಾದ.

ತಲಬು ಎಲ್ಲಿಂದ ಬಂತು ಎಂದು ತಿಳಿಯಬೇಕಾದವರು ನಿಘಂಟು ತೆಗೆಯಲಿ. ಮೂಲಕ್ಕಿಂತ ನನಗೆ ಅದರ ನಡವಳಿಕೆ ಮುಖ್ಯ. ಚಹಾದ ತಲಬು ಉಂಟು, ಎಲೆ-ಅಡಿಕೆಯ ತಲಬು ಉಂಟು, ಬೀಡಿಯದು ಉಂಟು, ಸೆರೆಯದಂತೂ ಉಂಟೇ ಉಂಟು. ರೊಟ್ಟಿಯ ತಲಬು ಮಾತ್ರ ಇಲ್ಲ. ಬದುಕಲು ಬೇಕಾದ್ದಕ್ಕೆ ಹಸಿವು, ಬೇಡದೆಯೂ ಬೇಕೆನಿಸುವುದಕ್ಕೆ ತಲಬು ಎಂದು ನಮ್ಮ ಹಿರಿಯರು ಗೆರೆ ಎಳೆದಿದ್ದರು. ಈಗ ಆ ಗೆರೆ ಅಳಿಸಿ, ಗಿರ್ಮಿಟ್ಟಿಗೂ ಕ್ರೇವಿಂಗ್, ಧಾರಾವಾಹಿಗೂ ಅಡಿಕ್ಟ್, ಅವ್ವ ಮಾಡಿದ ಸಾರಿಗೂ ಅಡಿಕ್ಟ್. ನಿಜವಾಗಿ ಕೈ ನಡುಗುವವನು ಬಂದು ತನ್ನ ಕಷ್ಟ ಹೇಳಿಕೊಂಡರೆ ಅವನಿಗೆ ಕೊಡಲು ನಮ್ಮ ಬಳಿ ಪದವೇ ಉಳಿದಿಲ್ಲ.

ವಾಕ್ಯದಲ್ಲಿ ಅದು ಕೂರುವ ರೀತಿಯನ್ನೂ ನೋಡಿ. "ನಾನು ಅಡಿಕ್ಟ್" ಎಂದರೆ ಮುಗಿಯಿತು, ಆಸಾಮಿಯೇ ರೋಗ. "ನನಗೆ ತಲಬು ಬಂದಿದೆ" ಎಂದಾಗ ನಾನೇ ಬೇರೆ, ಅದೇ ಬೇರೆ. ಬಂದದ್ದು ಅದು. ಬಂದದ್ದಕ್ಕೆ ಹೋಗುವ ದಾರಿಯೂ ಇರಬೇಕು.

ಇಲ್ಲಿಗೆ ನನ್ನ ಸಿದ್ಧಾಂತ. ನಾವು ಪಗಾರ ಎನ್ನುವುದಕ್ಕೆ ನೇಪಾಳದವರು ಇವತ್ತಿಗೂ ತಲಬ್ ಎನ್ನುತ್ತಾರೆ. ಉತ್ತರದ ಕೋರ್ಟುಗಳಲ್ಲಿ ಸಮನ್ಸ್ ಜಾರಿ ಮಾಡಿಸಲು ಕಟ್ಟುವ ಶುಲ್ಕಕ್ಕೆ ತಲಬಾನಾ ಎಂದು ಹೆಸರು. ಪಗಾರ, ಸಮನ್ಸು, ಕುಡಿಯುವ ಹಂಬಲ, ಮೂರೂ ಒಂದೇ ಮನೆಯ ಮಕ್ಕಳು. ಪಂಡಿತರು ಇದನ್ನು ಆಕಸ್ಮಿಕ ಎಂದಾರು. ಪಗಾರದ ದಿನ ಸಂಜೆ ಯಾವುದಾದರೂ ಕಾರ್ಖಾನೆಯ ಗೇಟಿನ ಹೊರಗೆ ನಿಂತು ನೋಡಿದವರು ಹಾಗೆನ್ನಲಾರರು. ಕೂಲಿಯನ್ನು ಹೆಂಡದ ರೂಪದಲ್ಲಿ ಕೊಡಕೂಡದು, ಹೆಂಡದಂಗಡಿಯಲ್ಲಿ ಬಟವಾಡೆ ಮಾಡಕೂಡದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1949ರ ಒಂದು ಒಡಂಬಡಿಕೆಯಲ್ಲೇ ಬರೆಯಬೇಕಾಯಿತು. ಪಗಾರ ಈಗ ಬ್ಯಾಂಕ್ ಖಾತೆಗೆ ಬೀಳುತ್ತದೆ ನಿಜ. ಆದರೆ ಮೊಬೈಲಿಗೆ ಬಂದ ಆ ಒಂದು ಮೆಸೇಜು ಓದಿದ ಕೂಡಲೇ ಗಂಟಲು ಒಣಗುವವರಿದ್ದಾರೆ. ಪಗಾರದ ತಲಬು ಕುಡಿತದ ತಲಬನ್ನು ಕರೆಯುವುದು ಹೀಗೆ.

ನನಗೆ ಹೆಚ್ಚು ಹಿಡಿಸಿದ್ದು ಸಮನ್ಸಿನ ಅರ್ಥ. ತಲಬು ಕೋರ್ಟಿನ ಬೇಲಿಫನ ಹಾಗೆ. ಬಾಗಿಲು ಬಡಿಯುತ್ತಾನೆ, ಹೆಸರು ಹಿಡಿದು ಕೂಗುತ್ತಾನೆ, ಓಣಿಗೆಲ್ಲ ಕೇಳುವಂತೆ ಗದರುತ್ತಾನೆ. ಆದರೆ ಇಡೀ ದಿನ ನಿಮ್ಮ ಕಟ್ಟೆಯ ಮೇಲೆ ಕೂರಲು ಅವನಿಗೆ ಪುರಸೊತ್ತಿಲ್ಲ. ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಾಟ್ ಹೇಳಿದ್ದೂ ಇದನ್ನೇ. ಹಂಬಲ ಏರುತ್ತದೆ, ತುದಿ ಮುಟ್ಟುತ್ತದೆ, ನೀವು ಅದಕ್ಕೆ ಉಣ್ಣಿಸದಿದ್ದರೆ ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೇ ಅದರ ಜೋರು ಮುಗಿದಿರುತ್ತದೆ. ಅದರ ಜೊತೆ ಕುಸ್ತಿಗೂ ಬೀಳಬೇಡಿ, ಶರಣಾಗಲೂ ಬೇಡಿ, ಬಂದದ್ದನ್ನು ನೋಡುತ್ತ ಇರಿ ಎಂಬುದು ಅವರು ಕಲಿಸಿದ ಪಾಠ. ಬೇಲೂರಿನ ಕಾಕಾ ಮಾರ್ಲಾಟರನ್ನು ಓದಿರಲಾರರು.

ತಲಬಿನ ಈ ಬಡಿತ ಯಾವಾಗ ಜೋರಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ: ಹಸಿವು, ಸಿಟ್ಟು, ಒಂಟಿತನ, ದಣಿವು. ಕುಡಿತ ಬಿಟ್ಟವರ ಬಳಗಗಳಲ್ಲಿ ಈ ನಾಲ್ಕನ್ನು ಬಾಯಿಪಾಠ ಮಾಡಿಸುತ್ತಾರೆ. ಸೆಕೆಂಡ್ ಶಿಫ್ಟು ಮುಗಿಸಿ, ಸೂಪರ್‌ವೈಸರನ ಬೈಗುಳ ತಿಂದು, ಬಾಡಿಗೆ ಕೋಣೆಗೆ ಒಬ್ಬನೇ ಹೊರಟ ಹುಡುಗನಿಗೆ ನಾಲ್ಕೂ ಒಟ್ಟಿಗೇ ಇರುತ್ತವೆ. ಅವನಿಗೆ ಉಪದೇಶಕ್ಕಿಂತ ಮೊದಲು ಎರಡು ಬಿಸಿ ರೊಟ್ಟಿ ಕೊಡಬೇಕು.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ಹಟ ಹಿಡಿದು ಒಮ್ಮೆಲೇ ನಿಲ್ಲಿಸಿದರೆ ಬರುವುದು ಬರೀ ತಲಬಲ್ಲ. ಕೈ ನಡುಕ, ಬೆವರು, ಮೂರ್ಛೆ, ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವ ಭ್ರಮೆ, ಕೆಲವೊಮ್ಮೆ ಜೀವಕ್ಕೇ ಸಂಚಕಾರ. ಅಂಥವರು ವೈದ್ಯರ ಕಣ್ಣೆದುರಿಗೇ ಬಿಡಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇರುವುದೂ ಇದೇ ಬೆಳಗಾವಿ ರಸ್ತೆಯಲ್ಲಿ. ಹಂಬಲದ ಜೋರು ತಗ್ಗಿಸುವ ನಾಲ್ಟ್ರೆಕ್ಸೋನಿನಂಥ ಮಾತ್ರೆಗಳಿವೆ. ಫೋನಿನಲ್ಲಿ ಮಾತಾಡಬೇಕೆಂದರೆ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಾನು ಮೆಚ್ಚುವ ಒಂದು ಗಾದೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ. ಶಾಲೆಯಲ್ಲಿ ಇದನ್ನು ವಿಸ್ತರಿಸಿ ಬರೆಯಿರಿ ಎಂದಾಗಲೆಲ್ಲ ನಾವು "ಸಹವಾಸ ದೋಷ, ಮಾನ ಮರ್ಯಾದೆ" ಎಂದು ಗೀಚಿ ಅಂಕ ಗಿಟ್ಟಿಸಿದ್ದೇವೆ. ಮರದ ಕೆಳಗೆ ಕೂತವನು ಯಾರು, ಯಾಕೆ ಕೂತ ಎಂದು ಯಾವ ಮೇಷ್ಟ್ರೂ ಕೇಳಲಿಲ್ಲ. ಲೋಟದ ಮಜ್ಜಿಗೆ ಹಿಡಿದುಕೊಂಡು, ಊರಲ್ಲಿ ಬೇವು ಆಲ ಅರಳಿ ಎಲ್ಲ ಇರುವಾಗ, ನೆರಳೇ ಇಲ್ಲದ ಈಚಲನ್ನೇ ಹುಡುಕಿಕೊಂಡು ಹೋಗುವ ಮನುಷ್ಯ ಎಂಥವನು? ಅವನು ನಿನ್ನೆ ಮೊನ್ನೆ ಹೆಂಡ ಬಿಟ್ಟವನು! ಕಾಲಿಗೆ ಹಳೇ ಹಾದಿ ಗೊತ್ತು. "ಕುಡಿಯುವುದಿಲ್ಲ, ಸುಮ್ಮನೆ ಕೂತು ಬರುತ್ತೇನೆ" ಎಂದು ಹೆಂಡತಿಗೆ ಹೇಳಿ ಬಂದಿದ್ದಾನೆ, ನಂಬಿಕೆ ಬರಲೆಂದು ಮಜ್ಜಿಗೆಯನ್ನೂ ತಂದಿದ್ದಾನೆ. ಮೇಲ್ನೋಟಕ್ಕೆ ಏನೂ ಅಲ್ಲವೆನ್ನಿಸುವ ಇಂಥ ಸಣ್ಣ ತೀರ್ಮಾನಗಳೇ ಮತ್ತೆ ಮೊದಲ ಗುಟುಕಿನವರೆಗೆ ಕರೆದೊಯ್ಯುತ್ತವೆ ಎಂದು ಮಾರ್ಲಾಟರೂ ಬರೆದಿದ್ದಾರೆ. ಆದ್ದರಿಂದ ಈ ಗಾದೆಯನ್ನು ಕಟ್ಟಿದವಳು ಹರಟೆಮಲ್ಲಿ ಅಲ್ಲ, ಕುಡುಕನ ಹೆಂಡತಿ ಎಂದೇ ನಾನು ನಂಬಿದ್ದೇನೆ. ಮಜ್ಜಿಗೆಯ ಬಗ್ಗೆ ಅವಳಿಗೆ ತಕರಾರಿಲ್ಲ, ತಕರಾರು ಮರದ್ದು.

ಮರವನ್ನೇ ದೂರ ಸರಿಸುವ ಪ್ರಯತ್ನಗಳೂ ಆದವು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪಾಕೀಟು ಹೋದ ಜಾಗಕ್ಕೆ ನೈಂಟಿ ಬಂತು. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಬೇಡವೆಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷವೇ ಪಟ್ಟಣಗಳ ಮಿತಿಯೊಳಗೆ ಅದು ಸಡಿಲಾಯಿತು. ಇಳಕಲ್ಲಿನ ಮಹಾಂತ ಸ್ವಾಮೀಜಿ ಮರದ ತಂಟೆಗೆ ಹೋಗದೆ ಜೋಳಿಗೆ ಹಿಡಿದು ಊರೂರು ತಿರುಗಿ, "ನಿಮ್ಮ ದುಶ್ಚಟ ಭಿಕ್ಷೆ ಹಾಕಿ" ಎಂದು ಕೇಳಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆ ಸರ್ಕಾರಿ ಪದದ ಮೇಲೆ ನನಗೆ ಸಣ್ಣ ಮುನಿಸು. ಮುಕ್ತ ಎಂದರೆ ಎಲ್ಲ ಮುಗಿಯಿತು ಎಂಬಂತೆ ಕೇಳುತ್ತದೆ. ಜನ ಹಾಗೆನ್ನುವುದಿಲ್ಲ, "ಬಿಟ್ಟೀನ್ರಿ" ಅಂತಾರೆ. ಇಂದು ಬಿಟ್ಟದ್ದನ್ನು ನಾಳೆಯೂ ಬಿಡಬೇಕೆಂಬ ಅರಿವು ಆ ಕ್ರಿಯಾಪದದಲ್ಲಿದೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಿಗೂ ಇದು ಗೊತ್ತು. ಅದಕ್ಕೇ ಶಿಬಿರ ಮುಗಿದ ಮೇಲೂ ಬಿಟ್ಟವರು ಸೇರುತ್ತಿರಲೆಂದು ನವಜೀವನ ಸಮಿತಿಗಳನ್ನು ಕಟ್ಟಿದರು.

ಗಾದೆಯ ಉತ್ತರಾರ್ಧ ಇನ್ನೂ ಬಾಕಿ: "ಹೆಂಡ ಅಂತಾರೆ." ಅನ್ನುವವರು ಯಾರು? ಬಿಟ್ಟವನು ಪಾನ್ ಹಾಕಿದರೂ ಬಾಯಿ ಮೂಸುವ ಮಾವ, "ಒಂದ ನೈಂಟಿಗೆ ಏನಾಗ್ತೈತಲೇ" ಎನ್ನುವ ದೋಸ್ತ, "ಎಷ್ಟ ದಿನ ನೋಡೂಣು" ಎಂದು ಗೋಡೆಗೊರಗಿ ಕಾಯುವ ನೆರೆಯವ. ಕುಡಿಯುವವನ ತಲಬು ಅರ್ಧ ಗಂಟೆಗೆ ಇಳಿದೀತು. ಇವರದು ವರ್ಷಗಟ್ಟಲೆ ಇಳಿಯುವುದಿಲ್ಲ, ಮತ್ತು ಇವರಿಗಾಗಿ ಯಾರೂ ಇನ್ನೂ ಒಂದು ಶಿಬಿರ ನಡೆಸಿಲ್ಲ.