ಗೋಮೆಜ್‌ನ ಮೂರು ಗೆರೆಗಳು ಮತ್ತು ತಾಲ್ಲೂಕು ಆಸ್ಪತ್ರೆಯ ಕೇಸ್‌ಶೀಟು

ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ, ಈಗ ವಿಜಯನಗರ ಜಿಲ್ಲೆಯಲ್ಲಿರುವ ಪಡುವಣ ತಾಲ್ಲೂಕುಗಳ ಆರೋಗ್ಯ ಚರಿತ್ರೆಯನ್ನು ಬರೆದವರು ಕಡಿಮೆ. ಬರೆದವರಲ್ಲಿ ಹಿರಿಯರೊಬ್ಬರು ಮಕ್ಕಳ ಅಪೌಷ್ಟಿಕತೆಯ ಪ್ರಸ್ತಾಪ ಬಂದಾಗ ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ: ಅಳೆಯುವ ವಿದ್ಯೆ ಅಂಗನವಾಡಿಯ ಜೊತೆಗೆ ನಮ್ಮ ಕಡೆಗೆ ಬಂತು, ಆಸ್ಪತ್ರೆ ಅದನ್ನು ಅಲ್ಲಿಂದ ಕಲಿಯಿತು. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಈ ಓದು ತಲೆಕೆಳಗಾದದ್ದು. ಬರೀ ಚರಿತ್ರೆಯ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಡೆ ವಾಂತಿಭೇದಿಗೆಂದೋ ನ್ಯುಮೋನಿಯಾಕ್ಕೆಂದೋ ದಾಖಲಾಗುವ ಮಗುವಿನ ಸೊರಗುವಿಕೆ ಯಾರ ಹೊಣೆ ಎಂಬ ಪ್ರಶ್ನೆಗೂ ಇದೇ ಓದಿನಿಂದ ಉತ್ತರ ಹುಟ್ಟುತ್ತದೆ. ‘ಅದು ಅಂಗನವಾಡಿಯವರ ಕೆಲಸ’ ಎಂಬ ಉತ್ತರ ಅದು.

ಅಳತೆಯ ಪ್ರಶ್ನೆ ಅಂಗನವಾಡಿಗಿಂತ ಬಹಳ ಹಳೆಯದು. ಬಳ್ಳಾರಿಯೂ ಸೇರಿದ್ದ ಮದ್ರಾಸು ಪ್ರಾಂತ್ಯದ 1876–78ರ ಬರದ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಆದರೆ ಆ ಕಾಲದ ಒಂದು ಜಗಳವನ್ನು ನಮ್ಮವರು ಕೂಲಿಯ ಜಗಳವೆಂದಷ್ಟೇ ಓದಿದ್ದಾರೆ. ವೈಸ್‌ರಾಯ್ ಲಾರ್ಡ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ದಿನಕ್ಕೊಂದು ಪೌಂಡ್ ಧಾನ್ಯ ಮತ್ತು ಅದರ ಮೇಲೆ ಪುಡಿಗಾಸಿನ ಲೆಕ್ಕದಲ್ಲಿ ಬರಪರಿಹಾರದ ಕೂಲಿಯನ್ನು ಇಳಿಸಿದ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಬ್ಲ್ಯು. ಆರ್. ಕಾರ್ನಿಷ್ ಅದನ್ನು ಎದುರಿಸಿ, ಟೆಂಪಲ್‌ನ ಮಾರ್ಚ್ ತಿಂಗಳ ಟಿಪ್ಪಣಿಗಳಿಗೆ ಉತ್ತರವಾಗಿ ಒಂದು ಹೊತ್ತಗೆಯನ್ನೇ ಅಚ್ಚು ಹಾಕಿಸಿದ. ಮೇ ತಿಂಗಳಲ್ಲಿ ಕೂಲಿ ಮತ್ತೆ ಏರಿತು. ನನ್ನ ದೃಷ್ಟಿಯಲ್ಲಿ ಆ ವಾದದ ತಿರುಳು ಕಣ್ಣಳತೆಯ ಪ್ರಶ್ನೆ. ಕಾಮಗಾರಿಗಳನ್ನು ನೋಡಿಬಂದ ಆಡಳಿತಗಾರನಿಗೆ ಜನ ಸಾಕಷ್ಟು ಗಟ್ಟಿಯಾಗಿಯೇ ಕಾಣುತ್ತಿದ್ದರು. ವೈದ್ಯನ ಆತಂಕ ಬೇರೆ: ಕಣ್ಣಿಗೆ ಕಾಣುವಷ್ಟು ಸೊರಗುವ ಹೊತ್ತಿಗೆ ದೇಹದೊಳಗಿನ ಹಾನಿ ಕೈಮೀರಿರುತ್ತದೆ. ಮದ್ರಾಸಿನ ಬರಶಿಬಿರದಲ್ಲಿ ಸತ್ತವರ ಶವಪರೀಕ್ಷೆ ನಡೆಸಿದ ಅಲೆಕ್ಸಾಂಡರ್ ಪೋರ್ಟರ್ 459 ದೇಹಗಳ ವಿವರವನ್ನು 1889ರಲ್ಲಿ ಪ್ರಕಟಿಸಿದ. ಹಸಿವಿನ ಶರೀರಶಾಸ್ತ್ರವನ್ನು ಬರೆದವರು 20ನೆಯ ಶತಮಾನದ ನಡುವಿನವರೆಗೂ ಅದನ್ನು ಉಲ್ಲೇಖಿಸುತ್ತಿದ್ದರು. (ನಮ್ಮ ಬರಚರಿತ್ರೆಕಾರರಿಗೆ ಆ ಬರದ ಕಥನ ಬರೆದ ವಿಲಿಯಂ ಡಿಗ್ಬಿ ಗೊತ್ತು, ಪೋರ್ಟರ್ ಗೊತ್ತಿಲ್ಲ. ವೈದ್ಯಕೀಯ ಪುಸ್ತಕವೆಂದ ಕೂಡಲೇ ಚರಿತ್ರೆಯವರು ಅದನ್ನು ಕಪಾಟಿನಲ್ಲೇ ಬಿಡುವುದು ಹಳೆಯ ಚಾಳಿ.) ಪೋರ್ಟರ್ ಹಸಿದವರನ್ನು ಶ್ರದ್ಧೆಯಿಂದ ಪರೀಕ್ಷಿಸಿ ಬರೆದಿಟ್ಟದ್ದು ಅವರು ಸತ್ತ ಮೇಲೆ ಎಂಬುದನ್ನು ಮಾತ್ರ ಇಲ್ಲಿ ಗುರುತು ಹಾಕಿಕೊಂಡು ಮುಂದೆ ಹೋಗೋಣ.

ಈಗ ಮುಖ್ಯ ಸಾಕ್ಷ್ಯಕ್ಕೆ ಬರುತ್ತೇನೆ. ವಯಸ್ಸಿಗೆ ತಕ್ಕ ತೂಕದ ಶೇ. 90, 75, 60 ಎಂಬ ಮೂರು ಗೆರೆಗಳನ್ನು ಎಳೆದವನು ಮೆಕ್ಸಿಕೋದ ಫೆಡೆರಿಕೊ ಗೋಮೆಜ್. 90ರಿಂದ 75ರವರೆಗೆ ಮೊದಲ ದರ್ಜೆ, 75ರಿಂದ 60ರವರೆಗೆ ಎರಡನೆಯದು, 60ಕ್ಕಿಂತ ಕೆಳಗೆ ಮೂರನೆಯದು. ಎಂಬಿಬಿಎಸ್ ಓದಿದವರಿಗೆಲ್ಲ ಇದು ಬಾಯಿಪಾಠ. ಸಮುದಾಯ ವೈದ್ಯಶಾಸ್ತ್ರದ ಪಠ್ಯಗಳಲ್ಲಿ ಈ ಪಟ್ಟಿ ಸಮೀಕ್ಷೆಯ ಅಧ್ಯಾಯದಲ್ಲಿ ಬರುತ್ತದೆ. ಆಸ್ಪತ್ರೆಯ ಮಕ್ಕಳಲ್ಲಿ ಮುನ್ಸೂಚನೆಗೆ ಉಪಯುಕ್ತ ಎಂಬ ಒಂದು ಸಾಲನ್ನು ಸೇರಿಸಿ ಲೇಖಕರು ಕೈತೊಳೆದುಕೊಳ್ಳುತ್ತಾರೆ. ಆ ಒಂದು ಸಾಲೇ ಇಡೀ ಕಥೆ.

ಗೋಮೆಜ್ ಹಳ್ಳಿ ಸುತ್ತಿದ ಸಮೀಕ್ಷಕನಲ್ಲ. ಮೆಕ್ಸಿಕೋ ನಗರದ ಮಕ್ಕಳ ಆಸ್ಪತ್ರೆಯ ವೈದ್ಯ. ಅವನ ಮೊದಲ ಲೇಖನ 1946ರಲ್ಲಿ ಬಂದದ್ದು ಅದೇ ಆಸ್ಪತ್ರೆಯ ಪತ್ರಿಕೆಯಲ್ಲಿ. ಹತ್ತು ವರ್ಷಗಳ ನಂತರ, 1956ರಲ್ಲಿ, ಸಂಗಡಿಗರೊಂದಿಗೆ ಇಂಗ್ಲಿಷಿನಲ್ಲಿ ಪ್ರಕಟಿಸಿದ ಲೇಖನದ ವಿಷಯ ಎರಡನೆಯ ಮತ್ತು ಮೂರನೆಯ ದರ್ಜೆಯ ಮಕ್ಕಳ ಸಾವು. ಅಂದರೆ ಆ ಗೆರೆಗಳ ಪ್ರಶ್ನೆ ‘ಈ ಊರಿನಲ್ಲಿ ಎಷ್ಟು ಮಕ್ಕಳು ಸೊರಗಿದ್ದಾರೆ’ ಎಂಬುದಾಗಿರಲಿಲ್ಲ. ‘ಈ ಹಾಸಿಗೆಯಲ್ಲಿರುವ ಮಗು ಉಳಿಯುತ್ತದೆಯೇ’ ಎಂಬುದಾಗಿತ್ತು. 1966ರಲ್ಲಿ ಡೆರಿಕ್ ಜೆಲಿಫ್ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಮುದಾಯದ ಪೌಷ್ಟಿಕ ಸ್ಥಿತಿಯ ಕೈಪಿಡಿ ಬರೆದ ಮೇಲೆ ತಕ್ಕಡಿಯ ಗಮನ ಹಳ್ಳಿಯ ಕಡೆ ತಿರುಗಿತು. ಹಾಗೆ ತಿರುಗಿದ್ದು ಒಳ್ಳೆಯದೇ. ವಾರ್ಡಿನಲ್ಲಿ ಅದು ಯಾಕೆ ಹುಟ್ಟಿತೆಂಬುದನ್ನು ಮರೆತದ್ದು ಒಳ್ಳೆಯದಲ್ಲ.

ಗೋಮೆಜ್‌ನನ್ನು ಹಳಿಯುವವರಿಗೆ ಸಿದ್ಧವಾದ ಆಯುಧ ಜಾನ್ ವಾಟರ್‌ಲೋ. ವಯಸ್ಸಿಗೆ ತಕ್ಕ ತೂಕ ನೋಡಿದರೆ ಕುಳ್ಳಗಿರುವ ಮಗು ಯಾವುದು, ಒಣಗಿರುವ ಮಗು ಯಾವುದು ಎಂದು ತಿಳಿಯುವುದಿಲ್ಲ. ಎತ್ತರಕ್ಕೆ ತಕ್ಕ ತೂಕ ನೋಡಬೇಕು ಎಂದು ಅವನು 1972ರಲ್ಲಿ ವಾದಿಸಿದ. ಇದು ಸರಿಯಾದ ಮಾತು. ಊತ ಬಂದ ಮಗುವಿನ ಮೈನೀರು ತೂಕವನ್ನು ಏರಿಸಿ ಮೋಸ ಮಾಡುತ್ತದೆ ಎಂಬುದೂ ಸರಿ. 1970ರ ವೆಲ್‌ಕಮ್ ವರ್ಗೀಕರಣ ಊತವನ್ನು ಬೇರೆಯೇ ಕಾಲಮ್ಮಿನಲ್ಲಿಟ್ಟದ್ದು ಅದಕ್ಕಾಗಿಯೇ. ಆದರೆ ಈ ಟೀಕೆಗಳಿಂದ ಹೊರಡುವ ತೀರ್ಮಾನವೇನು? ವಾರ್ಡಿನಲ್ಲಿ ಇನ್ನೂ ಚೆನ್ನಾಗಿ ಅಳೆಯಬೇಕು ಎಂದು. ಅಳೆಯುವ ಹೊಣೆಯನ್ನೇ ವಾರ್ಡಿನಿಂದ ಆಚೆ ಹಾಕಬಹುದು ಎಂದು ವಾಟರ್‌ಲೋ ಎಲ್ಲಿ ಹೇಳಿದ್ದಾನೆ? ಅವನನ್ನು ಮುಂದಿಟ್ಟುಕೊಂಡು ಗೋಮೆಜ್‌ನನ್ನು ಹೊಡೆಯುವವರು ಇಬ್ಬರನ್ನೂ ಪೂರ್ತಿ ಓದಿಲ್ಲವೆಂದು ನನ್ನ ಗುಮಾನಿ.

ಭಾರತದಲ್ಲಿ ಗೆರೆಗಳು ಇನ್ನೊಮ್ಮೆ ಸರಿದವು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 1972ರಲ್ಲಿ ಶೇ. 80ಕ್ಕಿಂತ ಮೇಲಿದ್ದರೆ ಸಹಜ, ಅದರ ಕೆಳಗೆ ಹತ್ತತ್ತರ ಅಂತರದಲ್ಲಿ ನಾಲ್ಕು ದರ್ಜೆ ಎಂದು ಗೊತ್ತುಮಾಡಿತು. 1975ರಲ್ಲಿ ಶುರುವಾಗಿ ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಇದನ್ನೇ ಹಿಡಿಯಿತು. ಒಂದು ಉದಾಹರಣೆ ಹಾಕಿ ನೋಡಿ. ಆ ಕಾಲದ ಹಾರ್ವರ್ಡ್ ಲೆಕ್ಕದಲ್ಲಿ ಒಂದು ವರ್ಷದ ಮಗುವಿಗೆ ಸುಮಾರು 10 ಕಿಲೊ. ಎಂಟೂವರೆ ಕಿಲೊದ ಮಗು ಗೋಮೆಜ್‌ಗೆ ಮೊದಲ ದರ್ಜೆಯ ಅಪೌಷ್ಟಿಕ, ಅಕಾಡೆಮಿಗೆ ಸಹಜ. 7.4 ಕಿಲೊದ ಮಗು ಗೋಮೆಜ್‌ಗೆ ಎರಡನೆಯ ದರ್ಜೆ, ಅಕಾಡೆಮಿಗೆ ಮೊದಲನೆಯದು. ಕೋಟಿಗಟ್ಟಲೆ ಮಕ್ಕಳ ನಡುವೆ ಯಾರಿಗೆ ಮೊದಲು ಆಹಾರ ಕೊಡಬೇಕೆಂದು ತೀರ್ಮಾನಿಸುವ ಯೋಜನೆಗೆ ಈ ಉದಾರ ಗೆರೆ ಸಾಕಾಗಬಹುದು. ಜ್ವರ, ಕೆಮ್ಮು, ಭೇದಿಯಿಂದ ಮಲಗಿದ ಒಂದು ಮಗುವಿಗೆ ಸಾಲದು. ಯೋಜನೆಯ ಗೆರೆ ವೈದ್ಯನ ಗೆರೆಯಾಗಿ ತಲೆಯಲ್ಲಿ ಕೂತದ್ದು ಹೀಗೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡ ಬಂದ ಮೇಲೆ ಶೇಕಡಾ ಲೆಕ್ಕ ಹೋಗಿ ವಿಚಲನದ ಲೆಕ್ಕ ಬಂತು. ತಾಯಿ ಕಾರ್ಡಿನ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳು ಅದರ ಕೂಸು.

ತೋಳಿನ ಸುತ್ತಳತೆ ನೋಡುವ ಪಟ್ಟಿಯ ಕಥೆಯೂ ಇಂಥದೇ. ಶಕೀರ್ ಮತ್ತು ಮಾರ್ಲೆ 1974ರಲ್ಲಿ ಬಣ್ಣದ ಪಟ್ಟಿ ತಂದಾಗ 12.5 ಸೆಂ.ಮೀ.ಗಿಂತ ಕೆಳಗೆ ಕೆಂಪು. ಇವತ್ತಿನ ಪಟ್ಟಿಯಲ್ಲಿ ಕೆಂಪು ಶುರುವಾಗುವುದು 11.5ರ ಕೆಳಗೆ, 12.5ರ ಕೆಳಗಿನದು ಹಳದಿ. 11.5ಕ್ಕೂ 12.5ಕ್ಕೂ ನಡುವಿನ ಅಂದಿನ ಕೆಂಪು ಮಗು ಇಂದು ಹಳದಿ ಮಗು. ಹಳೆಯ ವರದಿಯ ‘ಕೆಂಪು’ ಸಂಖ್ಯೆಯನ್ನು ಹೊಸದರ ಪಕ್ಕ ಇಟ್ಟು ‘ಇಳಿಕೆ’ ಎಂದು ಬೀಗುವವರು ಇದನ್ನು ಗಮನಿಸಬೇಕು.

ಕೇಂದ್ರ ಆರೋಗ್ಯ ಸಚಿವಾಲಯದ 2011ರ ಮಾರ್ಗಸೂಚಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿಗೆ ಸ್ಪಷ್ಟ ಮಾನದಂಡ ಕೊಟ್ಟಿತು: ಎತ್ತರಕ್ಕೆ ತಕ್ಕ ತೂಕ ಮೈನಸ್ ಮೂರು ವಿಚಲನಕ್ಕಿಂತ ಕೆಳಗೆ, ಅಥವಾ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ, ಅಥವಾ ಎರಡೂ ಪಾದಗಳಲ್ಲಿ ಊತ. ಮರುವರ್ಷ ರಾಯಚೂರಿನಲ್ಲಿ ಅಪೌಷ್ಟಿಕತೆಯಿಂದ ಮಕ್ಕಳು ಸತ್ತ ಸುದ್ದಿಯ ಹಿನ್ನೆಲೆಯಲ್ಲಿ ಹೈಕೋರ್ಟು ನ್ಯಾಯಮೂರ್ತಿ ಎನ್. ಕೆ. ಪಾಟೀಲ್ ಸಮಿತಿಯನ್ನು ನೇಮಿಸಿತು. ಮಾರ್ಗಸೂಚಿ ಒಳ್ಳೆಯದು. ಆದರೆ ಜನರ ಮನಸ್ಸಿನಲ್ಲಿ ಕೂತ ದಾರಿ ಒಂದೇ ದಿಕ್ಕಿನದು: ಅಂಗನವಾಡಿ ಕಾರ್ಯಕರ್ತೆ ಗುರುತಿಸಬೇಕು, ಆಶಾ ಕರೆತರಬೇಕು, ಆಸ್ಪತ್ರೆ ಸೇರಿಸಿಕೊಳ್ಳಬೇಕು. ಬೇರೆ ಕಾಯಿಲೆಗೆ ಆಗಲೇ ಒಳಗೆ ಮಲಗಿರುವ ಮಗು ಆ ದಾರಿಯಲ್ಲಿ ಬರುವುದಿಲ್ಲ.

ಹೀಗೆ ಒಳಗೆ ಮಲಗಿರುವ ಮಕ್ಕಳಲ್ಲಿ ಅಪೌಷ್ಟಿಕತೆ ಗುರುತಿಸಲು ಹೊರದೇಶದ ಆಸ್ಪತ್ರೆಗಳು ಪ್ರಶ್ನಾವಳಿಗಳನ್ನು ಮಾಡಿಕೊಂಡಿವೆ: ಮ್ಯಾಂಚೆಸ್ಟರಿನ ಸ್ಟ್ಯಾಂಪ್, ಗ್ಲಾಸ್ಗೋದ ಪಿಮ್ಸ್, ನೆದರ್ಲೆಂಡ್ಸಿನ 44 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ಸ್ಟ್ರಾಂಗ್‌ಕಿಡ್ಸ್. ನಮ್ಮ ಕೆಲವು ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳಿಗೆ ಇವು ಪ್ರಿಯವಾದ ವಿಷಯ. ಈಚೆಗೆ ತೂಕ ಇಳಿದಿದೆಯೇ ಎಂದು ಪಿಮ್ಸ್ ಮತ್ತು ಸ್ಟ್ರಾಂಗ್‌ಕಿಡ್ಸ್ ಕೇಳುತ್ತವೆ. ಶೇಂಗಾ ಕಿತ್ತಾದ ಮೇಲೆ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಕುಟುಂಬ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗಿ ಬಂದಿರುತ್ತದೆ. ತಾಯಿ ಕಾರ್ಡು ಊರಿನ ಟ್ರಂಕಿನಲ್ಲಿ. ಮಗುವನ್ನು ಎತ್ತಿಕೊಂಡು ಬಂದವಳು ಅಜ್ಜಿ. ‘ಮದ್ಲು ಎಷ್ಟಿತ್ತಮ್ಮ ತೂಕ?’ ಎಂದು ನರ್ಸ್ ಕೇಳಿದರೆ ಅಜ್ಜಿ ಕೈಯಲ್ಲಿ ಮಗುವಿನ ಗಾತ್ರ ತೋರಿಸುತ್ತಾಳೆ. ಅಲ್ಲಿ ಉಪಯೋಗಕ್ಕೆ ಬರುವುದು ತೋಳಿನ ಪಟ್ಟಿಯೇ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಭೇದಿಯಲ್ಲಿ ಮೈನೀರು ಹೋದ 8 ಕಿಲೊದ ಮಗು 400ರಿಂದ 800 ಗ್ರಾಂ ಕಳೆದುಕೊಂಡಿರಬಹುದು. ದಾಖಲಾದ ಗಳಿಗೆಯ ತೂಕ ಮಗುವನ್ನು ಇರುವುದಕ್ಕಿಂತ ಹೆಚ್ಚು ಒಣಗಿದಂತೆ ತೋರಿಸುತ್ತದೆ. ಸಲೈನ್ ಏರಿಸಿದ ಮೇಲೆ ಸಂಖ್ಯೆ ಬದಲಾಗುತ್ತದೆ. ತೋಳಿನ ಸುತ್ತಳತೆ ಇದಕ್ಕೆ ಅಷ್ಟಾಗಿ ಅಲುಗುವುದಿಲ್ಲ. ದಾಖಲಾದ ದಿನ ಪಟ್ಟಿ, ನೀರಿನಂಶ ಸರಿಹೋದ ಮೇಲೆ ತೂಕ ಮತ್ತು ಎತ್ತರ, ಪಾದ ಒತ್ತಿ ಊತದ ಪರೀಕ್ಷೆ: ಇಷ್ಟಕ್ಕೆ ಹೊಸ ಯಂತ್ರ ಬೇಕಿಲ್ಲ. (ಆರು ತಿಂಗಳೊಳಗಿನ ಕೂಸಿಗೆ ಈ ಪಟ್ಟಿಯ ಗೆರೆಗಳು ಅನ್ವಯಿಸುವುದಿಲ್ಲ. ಅದು ಬೇರೆಯೇ ಲೇಖನದ ವಿಷಯ.)

ಈ ಐದು ತಾಲ್ಲೂಕುಗಳ ಬಗ್ಗೆ ಅಂಕಿ ಕೇಳುವವರಿಗೆ ಒಂದು ಎಚ್ಚರಿಕೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2017ರ ಮಾರ್ಚ್ 31ರಂದು ಇದ್ದ ಜಿಲ್ಲೆಗಳನ್ನು ಹಿಡಿದು ನಡೆಯಿತು. ಆಗ ವಿಜಯನಗರ ಜಿಲ್ಲೆಯೇ ಇರಲಿಲ್ಲ. 1997ರಲ್ಲಿ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ಇನ್ನೂ ಅಲ್ಲೇ ಇತ್ತು. ಉಳಿದವು ಬಳ್ಳಾರಿಯೊಳಗೆ. ಆದ್ದರಿಂದ ಆ ಸಮೀಕ್ಷೆಯ ಬಳ್ಳಾರಿ ಅಂಕಿಯನ್ನು ಎತ್ತಿ ‘ನಮ್ಮ ಐದು ತಾಲ್ಲೂಕು’ ಎಂದು ಭಾಷಣ ಮಾಡುವುದು ಹರಪನಹಳ್ಳಿಯ ಮಕ್ಕಳನ್ನು ಬಿಟ್ಟು, ಗಣಿ ಸೀಮೆಯ ಮಕ್ಕಳನ್ನು ಸೇರಿಸಿ ಮಾಡುವ ಲೆಕ್ಕ. ಹಿಂದಿನ ಕಾಲಕ್ಕೆ ಹೋದರೂ ಇದೇ ಗೋಜಲು. ಡಬ್ಲ್ಯು. ಫ್ರಾನ್ಸಿಸ್ ಬರೆದ 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರಿನಲ್ಲಿ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳಿವೆ, ಕೊಟ್ಟೂರು ಕೂಡ್ಲಿಗಿಯೊಳಗಿದೆ, ಹಗರಿಬೊಮ್ಮನಹಳ್ಳಿ ತಾಲ್ಲೂಕು ಇಲ್ಲ.

ಹಾಗಾಗಿ ಈ ಸೀಮೆಯ ಮಟ್ಟಿಗೆ ನಂಬಬಹುದಾದ ಮೂಲ ಒಂದೇ: ತಾಲ್ಲೂಕು ಆಸ್ಪತ್ರೆಗಳ ಹಳೆಯ ಕೇಸ್‌ಶೀಟುಗಳು ಮತ್ತು ದಾಖಲಾತಿ ರಿಜಿಸ್ಟರುಗಳು. ಔಷಧಿಯ ಪ್ರಮಾಣ ಲೆಕ್ಕ ಹಾಕಲೆಂದಾದರೂ ಮಗುವಿನ ತೂಕ ಬರೆದ ಹಾಳೆಗಳು ಅವುಗಳಲ್ಲಿ ಇದ್ದೇ ಇರುತ್ತವೆ. ಪಕ್ಕದಲ್ಲಿ ವಯಸ್ಸೂ ಇರುತ್ತದೆ. ಆ ಎರಡು ಸಂಖ್ಯೆಯ ಜೊತೆ ಮಗು ಉಳಿಯಿತೇ ಎಂಬ ದಾಖಲೆಯೂ ಇದ್ದರೆ ಸಾಕು, ಗೋಮೆಜ್ ಕೇಳಿದ ಪ್ರಶ್ನೆಯನ್ನು ಇಲ್ಲಿಯ ಮಕ್ಕಳ ಬಗ್ಗೆ ಕೇಳಬಹುದು. ದಾಖಲೆ ಕೋಣೆಯ ಬೀಗದ ಕೈ ಇರುವವರಲ್ಲಿ ವಿನಂತಿ: ಅವಧಿ ಮುಗಿದವೆಂದು ಆ ಕಟ್ಟುಗಳನ್ನು ರದ್ದಿಗೆ ಹಾಕುವ ಮೊದಲು ಮಕ್ಕಳ ವಾರ್ಡಿನವನ್ನು ಬೇರೆ ತೆಗೆದಿಡಿ.